ಬಲೆಯ ದೋಣಿಗೆ ಫಿರಂಗಿ ಬಂದಾಗ

ನಾಸಿಕದ ರಾಮಕುಂಡದ ಮೆಟ್ಟಿಲುಗಳ ಮೇಲೆ, ತಂದೆಯ ಅಸ್ಥಿಯನ್ನು ಗೋದಾವರಿಗೆ ಒಪ್ಪಿಸಿ ಕೈಮುಗಿದು ನಿಂತ ಮಕ್ಕಳನ್ನು ಪ್ರತಿದಿನವೂ ಕಾಣಬಹುದು. ಅದೇ ನದಿ ಛತ್ರಪತಿ ಸಂಭಾಜಿನಗರ ಜಿಲ್ಲೆಯ ಪೈಠಣದಲ್ಲಿ ನಾಥಸಾಗರ ಜಲಾಶಯವಾಗಿ ಹರಡಿ, ಬಲೆ ಬೀಸುವ ಬೆಸ್ತರನ್ನು ಪೋಷಿಸುತ್ತದೆ. ಆ ಬೆಸ್ತನು ಸಂಜೆಗೆ ದಡ ಸೇರುವನು. ಕಡಲಿಗಿಳಿದವನಿಗೆ ಆ ಭರವಸೆಯಿಲ್ಲ. ಯುದ್ಧಕಾಲದಲ್ಲಿ ಅವನು ಮಡಿದರೆ, ನೀರಿಗೆ ಬಿಡಲು ಅಸ್ಥಿಯೂ ಮನೆಗೆ ಬಾರದು.

ಬಡ ಮೀನುಗಾರನನ್ನು ಕದನದಿಂದ ಹೊರಗಿಡಬೇಕೆಂಬುದು ಪುರಾತನ ನೌಕಾಧರ್ಮ. ಕರಾವಳಿಯ ಮೀನುದೋಣಿಗಳನ್ನು ಸೆರೆಹಿಡಿಯಬಾರದೆಂದು 1907ರ ಹೇಗ್ ಒಪ್ಪಂದವು ವಿಧಿಸಿತು; ಆದರೆ ಯಾವ ರೀತಿಯಲ್ಲಾದರೂ ಯುದ್ಧದಲ್ಲಿ ಪಾಲ್ಗೊಂಡ ದೋಣಿಗೆ ಆ ರಕ್ಷೆ ಇಲ್ಲವೆಂದೂ ಸಾರಿತು. ಮೊದಲನೆಯ ಮಹಾಯುದ್ಧದಲ್ಲಿ ಈ ಧರ್ಮಕ್ಕೆ ಎರಡು ಕಡೆಯಿಂದಲೂ ಚ್ಯುತಿ ಬಂದಿತು. ಬ್ರಿಟನ್ ತನ್ನ ಟ್ರಾಲರುಗಳನ್ನು ಕಡಲಿನ ಸ್ಫೋಟಕಗಳನ್ನು ತೆಗೆಯುವ ಕಾರ್ಯಕ್ಕೆ ನೇಮಿಸಿತು. ಜರ್ಮನಿಯು ಶತ್ರುವಿನ ಆಹಾರವನ್ನೇ ತಡೆಯಬೇಕೆಂದು ಮೀನುದೋಣಿಗಳನ್ನು ಬೇಟೆಯಾಡಿತು. ಸಣ್ಣ ದೋಣಿಗೆ ದುಬಾರಿಯಾದ ಟಾರ್ಪೆಡೊವನ್ನು ವ್ಯಯಿಸದೆ, ಜಲಾಂತರ್ಗಾಮಿಯು ನೀರಿನಿಂದ ಮೇಲೆದ್ದು ಫಿರಂಗಿಯಿಂದಲೋ ಬಾಂಬಿನಿಂದಲೋ ಅದನ್ನು ಮುಳುಗಿಸುತ್ತಿತ್ತು.

ಇಂಗ್ಲೆಂಡಿನ ಲೋವೆಸ್ಟಾಫ್ಟಿನ ‘ನೆಲ್ಸನ್’ ಹಾಯಿ ಕಟ್ಟಿ ಬಲೆಯೆಳೆಯುವ ಇಂಥದೊಂದು ದೋಣಿ. ಮೇಲೆದ್ದ ಜಲಾಂತರ್ಗಾಮಿಗಳನ್ನು ಹೊಡೆಯಲೆಂದು ಅದಕ್ಕೊಂದು ಚಿಕ್ಕ ಫಿರಂಗಿಯನ್ನು ಕೂರಿಸಿದ್ದರು. 1917ರ ಆಗಸ್ಟ್ 15ರಂದು ಯುಸಿ-63 ಎಂಬ ಜರ್ಮನ್ ಜಲಾಂತರ್ಗಾಮಿಯು, ಆ ಫಿರಂಗಿಯ ಗುಂಡು ನಿಲುಕದಷ್ಟು ದೂರದಿಂದಲೇ ದೋಣಿಯ ಮೇಲೆ ಗುಂಡಿನ ಮಳೆಗರೆಯಿತು. ದೋಣಿಯ ಮುಖ್ಯಸ್ಥ, ತಾಂಡೇಲ ಥಾಮಸ್ ಕ್ರಿಸ್ಪ್‌ನ ಎರಡು ಕಾಲುಗಳೂ ಛಿದ್ರವಾದುವು. ಸಹಾಯ ಯಾಚಿಸುವ ಚೀಟಿಯನ್ನು ಪಾರಿವಾಳದೊಡನೆ ಕಳುಹಿಸಿ, ತನ್ನನ್ನು ಕಡಲಿಗೆಸೆದು ನೀವೆಲ್ಲರೂ ಪಾರಾಗಿರೆಂದು ಆತನು ಬೇಡಿಕೊಂಡನು. ಜೊತೆಯಲ್ಲಿದ್ದ ಮಗನಿಗಾಗಲಿ ಉಳಿದವರಿಗಾಗಲಿ ಅದಕ್ಕೆ ಮನಸ್ಸು ಬರಲಿಲ್ಲ. ತಂದೆಯನ್ನು ಒಡಲಲ್ಲಿಟ್ಟುಕೊಂಡೇ ನೆಲ್ಸನ್ ಮುಳುಗಿತು. ಕಿರುದೋಣಿಯಲ್ಲಿ ತೇಲುತ್ತಿದ್ದ ಉಳಿದವರನ್ನು ಹೆಚ್ಚುಕಡಿಮೆ ಎರಡು ದಿನಗಳ ತರುವಾಯ ರಕ್ಷಿಸಲಾಯಿತು. ತಾಂಡೇಲನಿಗೆ ಮರಣೋತ್ತರವಾಗಿ ವಿಕ್ಟೋರಿಯಾ ಕ್ರಾಸ್ ಸಂದಿತು.

ಶಾಂತಿಕಾಲದಲ್ಲಿಯೂ ಮೀನುದೋಣಿ ಮತ್ತು ಯುದ್ಧನೌಕೆಗಳ ನೆರೆಹೊರೆ ಅಪಾಯಕರವೇ. ನಮ್ಮ ಮಲ್ಪೆ, ಕಾರವಾರಗಳ ದೋಣಿಗಳು ಜೀವನ ನಡೆಸುವ ಅರಬ್ಬೀ ಸಮುದ್ರದಲ್ಲಿಯೇ, ಗೋವೆಯಿಂದ ಸುಮಾರು 70 ನಾಟಿಕಲ್ ಮೈಲಿ ದೂರದಲ್ಲಿ, 2024ರ ನವೆಂಬರ್ 21ರಂದು ಭಾರತೀಯ ನೌಕಾಪಡೆಯ ಜಲಾಂತರ್ಗಾಮಿಗೂ ‘ಮಾರ್ಥೋಮಾ’ ಎಂಬ ಮೀನುದೋಣಿಗೂ ಡಿಕ್ಕಿಯಾಯಿತು. 13 ಮಂದಿಯಲ್ಲಿ 11 ಮಂದಿ ಬದುಕುಳಿದರು.

ಮೀನುಗಾರನ ನಿಜವಾದ ಕವಚ ಅವನ ಬರಿಗೈ. ಅದರಲ್ಲಿ ಬಲೆಯ ಹೊರತು ಬೇರೇನೂ ಇಲ್ಲವೆಂಬುದೇ ಅವನನ್ನು ಕಾಯುವ ಶಾಸನ. ಅವನ ದೋಣಿಗೆ ಫಿರಂಗಿಯನ್ನೇರಿಸಿದ ದಿನ ಆ ಕವಚವನ್ನು ನಾವೇ ಕಳಚಿದಂತೆ. ಕ್ರಿಸ್ಪ್‌ನ ಮಗನು ದಡಕ್ಕೆ ಬಂದಾಗ ತಂದೆಯ ಗುರುತೆಂದು ಯಾವ ನೀರಿಗೂ ಒಪ್ಪಿಸಲು ಅವನ ಬಳಿ ಒಂದು ಹಿಡಿ ಬೂದಿಯೂ ಇರಲಿಲ್ಲ.