ಕ್ಲಚ್ ಮೇಲೆ ನಡುಗುವ ಕಾಲು

ಘಾಟಿ ಸುಬ್ರಹ್ಮಣ್ಯದ ಏರುದಾರಿ. ಮುಂದೆ ಬಸ್ಸು ನಿಂತಿದೆ, ಹಿಂದಿನಿಂದ ಹಾರನ್. ಕಾರು ಕಲಿಯುತ್ತಿರುವವರ ಎಡಗಾಲು ಕ್ಲಚ್ ಮೇಲೆ ನಡುಗುತ್ತದೆ, ಎಂಜಿನ್ ನಿಂತುಹೋಗುತ್ತದೆ. ಇದು ದಡ್ಡತನವಲ್ಲ. ಗಾಬರಿಯಾದಾಗ ದೇಹದಲ್ಲಿ ಅಡ್ರಿನಲಿನ್ ಸ್ರವಿಸಿ ಎದೆಬಡಿತ ಏರುತ್ತದೆ, ಸ್ನಾಯುಗಳು ಬಿಗಿಯುತ್ತವೆ. ಓಡಿ ಪಾರಾಗಲು ನೆರವಾಗುವ ಈ ಸಿದ್ಧತೆ, ಕ್ಲಚ್ಚನ್ನು ನಿಧಾನವಾಗಿ ಬಿಡಲು ಅಡ್ಡಿ.

ಹಾಗಾದರೆ ಉಪಾಯವೇನು? ಬ್ರೇಕ್ ಒತ್ತಿ, ಹ್ಯಾಂಡ್‌ಬ್ರೇಕ್ ಎಳೆಯಿರಿ, ಗೇರನ್ನು ನ್ಯೂಟ್ರಲ್‌ಗೆ ತನ್ನಿ. ಉಸಿರನ್ನು ನಿಧಾನವಾಗಿ, ದೀರ್ಘವಾಗಿ ಹೊರಬಿಡಿ, ಎದೆಬಡಿತ ತಗ್ಗುತ್ತದೆ. ಆಮೇಲೆ ಎಂಜಿನ್ ಚಾಲೂ ಮಾಡಿ. ಇದನ್ನು ಮೊದಲು ಖಾಲಿ ಮೈದಾನದಲ್ಲಿ, ನಂತರ ಸಣ್ಣ ಏರಿನಲ್ಲಿ ರೂಢಿಸಿಕೊಳ್ಳಿ. ದನಗಳ ಜಾತ್ರೆಯ ಜನಸಂದಣಿ ಕೊನೆಗಿರಲಿ.

ಪರೀಕ್ಷೆಯಲ್ಲಿ ತಪ್ಪಿದರೆ? 1988ರ ಮೋಟಾರು ವಾಹನ ಕಾಯ್ದೆಯಂತೆ 7 ದಿನಗಳ ನಂತರ ಮತ್ತೆ ಹಾಜರಾಗಬಹುದು. ಲೈಸೆನ್ಸ್ ತಡವಾದರೆ ದೊಡ್ಡ ನಷ್ಟವಿಲ್ಲ. ಹಿಡಿತ ಬಾರದೆ ರಸ್ತೆಗಿಳಿದರೆ ಎದುರು ಬರುವವರಿಗೂ ಅಪಾಯ.