ವಾರಕ್ಕೊಂದು ಗಂಟೆ ಕೊಡ್ತೀರಾ? ಗಾಂಧಿನಗರದವರು ಹುಡುಗರಿಗೆ ಮೆಂಟರ್ ಆಗೋದು ಹೇಗೆ, ಆಗೋ ಮುಂಚೆ ಗೊತ್ತಿರಬೇಕಾದ್ದೇನು

ಗಾಂಧಿನಗರ: ಕೆಲಸ ಹುಡುಕಿ ಬರುವ ಹುಡುಗರು ಬೆಂಗಳೂರಿನಲ್ಲಿ ಮೊದಲು ಕಾಲಿಡುವುದೇ ಇಲ್ಲಿ. ಒಂದು ಕಡೆ ಕೆಂಪೇಗೌಡ ಬಸ್ ನಿಲ್ದಾಣ, ಎದುರಿಗೆ ಸಂಗೊಳ್ಳಿ ರಾಯಣ್ಣ ರೈಲು ನಿಲ್ದಾಣ. ಸುತ್ತ ಲಾಡ್ಜ್, ಹೋಟೆಲ್, ಮೊಬೈಲ್ ಅಂಗಡಿ, ಬಟ್ಟೆ ಅಂಗಡಿ. ಪಿಯುಸಿ ಅರ್ಧಕ್ಕೆ ಬಿಟ್ಟವರು, ಕಾಲೇಜಿಗೆ ಸೇರಿ ಪಾರ್ಟ್‌ಟೈಮ್ ಕೆಲಸ ಹುಡುಕುವವರು, ಮನೆ ಬಿಟ್ಟು ಬಂದವರು, ಬಾಲಮಂದಿರದಿಂದ 18 ತುಂಬಿ ಹೊರಬಂದವರು, ಎಲ್ಲರೂ ಈ ರಸ್ತೆಗಳಲ್ಲೇ ಓಡಾಡುತ್ತಾರೆ.

ಇವರಿಗೆ ಬುದ್ಧಿ ಹೇಳೋರು ಬೇಕಾದಷ್ಟು ಜನ ಸಿಗುತ್ತಾರೆ. ಮುಂದಿನ ವಾರ ಮತ್ತೆ ಬಂದು ‘ಏನಾಯ್ತಪ್ಪಾ ಆ ಕೆಲಸ’ ಅಂತ ಕೇಳೋರು ಕಮ್ಮಿ. ಹಾಗೆ ತಪ್ಪದೆ ಬಂದು ಕೇಳುವ ದೊಡ್ಡವರನ್ನೇ ಈಗ ಮೆಂಟರ್ ಅಂತ ಕರೆಯುತ್ತಾರೆ. ಇದಕ್ಕೆ ಡಿಗ್ರಿ ಬೇಕಿಲ್ಲ, ದುಡ್ಡೂ ಬೇಕಿಲ್ಲ. ಆದರೆ ಒಂದು ವರ್ಷ ಬಿಡದೆ ಸಮಯ ಕೊಡೋಕೆ ಆಗುತ್ತಾ ಅನ್ನೋದನ್ನು ಮೊದಲೇ ಯೋಚಿಸಬೇಕು. ಯಾಕಂದ್ರೆ ಶುರು ಮಾಡಿ ಮಧ್ಯದಲ್ಲಿ ಕೈಬಿಟ್ಟರೆ ಹುಡುಗರಿಗೆ ಒಳ್ಳೆಯದಕ್ಕಿಂತ ಕೆಟ್ಟದ್ದೇ ಆಗಬಹುದು.

ಮೆಂಟರ್ ಅಂದ್ರೆ ಯಾರು, ಯಾರಲ್ಲ

ಮೆಂಟರ್ ಟ್ಯೂಷನ್ ಮೇಷ್ಟ್ರಲ್ಲ. ಫೀಸು ಕಟ್ಟುವ ದಾನಿಯೂ ಅಲ್ಲ, ಕೆಲಸ ಕೊಡುವ ಮಾಲೀಕರೂ ಅಲ್ಲ. ಅಪ್ಪ ಅಮ್ಮನ ಜಾಗಕ್ಕೆ ಬರೋರಂತೂ ಅಲ್ಲವೇ ಅಲ್ಲ. ಒಬ್ಬ ಹುಡುಗ ಅಥವಾ ಹುಡುಗಿಯನ್ನು ಒಂದು ಸಂಸ್ಥೆಯ ಮೂಲಕ ಪರಿಚಯ ಮಾಡಿಕೊಂಡು, ನಿಗದಿಯಾದ ದಿನ ಭೇಟಿಯಾಗಿ, ಅವರ ಮಾತು ಕೇಳಿ, ಗೊತ್ತಿರೋ ದಾರಿ ತೋರಿಸುವವರು. ನಮ್ಮ ಕಡೆ ಮಾತಲ್ಲಿ ಹೇಳೋದಾದ್ರೆ, ಊರಲ್ಲಿ ಇರಬೇಕಾಗಿದ್ದ ಒಬ್ಬ ಅಣ್ಣ, ಒಬ್ಬ ಅಕ್ಕ.

ಹತ್ತಿಪ್ಪತ್ತು ವರ್ಷ ವ್ಯಾಪಾರ ಮಾಡಿದವರಿಗೆ ಗೊತ್ತಿರುವ ಎಷ್ಟೋ ವಿಷಯ ಈ ಹುಡುಗರಿಗೆ ಗೊತ್ತಿರಲ್ಲ. ಬ್ಯಾಂಕಲ್ಲಿ ಖಾತೆ ತೆಗೆಯೋದು, ಜಾತಿ–ಆದಾಯ ಪ್ರಮಾಣಪತ್ರಕ್ಕೆ ನಾಡಕಚೇರಿಯಲ್ಲಿ ಅರ್ಜಿ ಹಾಕೋದು, ವಿದ್ಯಾರ್ಥಿವೇತನದ ಎಸ್‌ಎಸ್‌ಪಿ ಪೋರ್ಟಲ್‌ನಲ್ಲಿ ಅರ್ಜಿ ಎಲ್ಲಿ ನಿಂತಿದೆ ಅಂತ ನೋಡೋದು, ಫೇಲಾದ ವಿಷಯಕ್ಕೆ ಮತ್ತೆ ಪರೀಕ್ಷೆ ಕಟ್ಟೋದು, ಇಂಟರ್‌ವ್ಯೂಗೆ ಹೋಗಿ ಸಂಬಳದ ಮಾತು ಆಡೋದು. ಜೊತೆಗೆ ಯಾರಾದ್ರೂ ಇದ್ದರೆ ಇವೆಲ್ಲ ಅರ್ಧ ದಿನದ ಕೆಲಸ. ಯಾರೂ ಇಲ್ಲದ ಹುಡುಗ ಒಂದು ಸಹಿಗೆ ಮೂರು ಸಲ ಅಲೆದು, ಬೇಸತ್ತು ಬಿಟ್ಟುಬಿಡುತ್ತಾನೆ.

ಹಳೇ ಬೆಂಗಳೂರಿಗೆ ಇದು ಹೊಸದಲ್ಲ

ಹೆಸರು ಇಂಗ್ಲಿಷಿನದ್ದಾದರೂ ಕೆಲಸ ಇಲ್ಲಿಗೆ ಹಳೇದೇ. ಬಸವನಗುಡಿ, ಚಾಮರಾಜಪೇಟೆ, ಮಲ್ಲೇಶ್ವರದ ಕಡೆ ಹಿಂದೆ ವಾರಾನ್ನ ಅಂತ ಇತ್ತು. ಹಳ್ಳಿಯಿಂದ ಓದೋಕೆ ಬಂದ ಬಡ ಹುಡುಗ ಸೋಮವಾರ ಒಂದು ಮನೆ, ಮಂಗಳವಾರ ಇನ್ನೊಂದು ಮನೆ ಅಂತ ವಾರವಿಡೀ ಊಟ ಮಾಡಿಕೊಂಡು ಓದು ಮುಗಿಸುತ್ತಿದ್ದ. ಮನೆಯವರು ಹಾಕಿದ್ದು ಅನ್ನ ಮಾತ್ರ ಅಲ್ಲ. ಪರೀಕ್ಷೆ ಹೇಗಾಯ್ತು, ಊರಿಂದ ಕಾಗದ ಬಂತಾ ಅಂತ ಕೇಳೋ ಒಂದು ಮನೆಯೂ ಅವನಿಗೆ ಸಿಗುತ್ತಿತ್ತು. ಆದರೆ ಎಷ್ಟೋ ಕಡೆ ಜಾತಿ ನೋಡಿಯೇ ಒಳಗೆ ಬಿಡುತ್ತಿದ್ದರು, ಎಲ್ಲರಿಗೂ ಆ ಬಾಗಿಲು ತೆರೆದಿರಲಿಲ್ಲ ಅನ್ನೋದೂ ನಿಜ.

ರೈಲು ನಿಲ್ದಾಣದ ಎದುರಿನ ಗುಬ್ಬಿ ತೋಟದಪ್ಪ ಛತ್ರ ಎಲ್ಲರಿಗೂ ಗೊತ್ತು. ವ್ಯಾಪಾರದಲ್ಲಿ ಗಳಿಸಿದ್ದನ್ನು ತೋಟದಪ್ಪನವರು ಇದಕ್ಕೆ ಹಾಕಿದರು. 1903ರಲ್ಲಿ ಛತ್ರ ಶುರುವಾಯಿತು. ಅವರ ಹೆಸರಿನ ಟ್ರಸ್ಟ್ ಪ್ರಯಾಣಿಕರಿಗೆ ಜಾಗ ಕೊಡುವುದರ ಜೊತೆಗೆ ವಿದ್ಯಾರ್ಥಿನಿಲಯವನ್ನೂ ನಡೆಸಿಕೊಂಡು ಬಂದಿದೆ.

ಇನ್ನೊಂದು ಉದಾಹರಣೆ ಎಚ್. ನರಸಿಂಹಯ್ಯ. 1935ರಲ್ಲಿ ಗೌರಿಬಿದನೂರು ತಾಲ್ಲೂಕಿನ ಹೊಸೂರಿನಿಂದ ನಡೆದುಕೊಂಡೇ ಬೆಂಗಳೂರಿಗೆ ಬಂದು ಬಸವನಗುಡಿಯ ನ್ಯಾಷನಲ್ ಹೈಸ್ಕೂಲ್ ಸೇರಿದ ಹುಡುಗ ಅವರು. ಮುಂದೆ ನ್ಯಾಷನಲ್ ಕಾಲೇಜಿನ ಪ್ರಿನ್ಸಿಪಾಲರಾದರು, ಬೆಂಗಳೂರು ವಿಶ್ವವಿದ್ಯಾಲಯದ ಕುಲಪತಿಯೂ ಆದರು. ಆದರೂ ಸ್ವಂತ ಮನೆ ಮಾಡದೆ ಕಾಲೇಜು ಹಾಸ್ಟೆಲಿನ ಕೋಣೆಯಲ್ಲಿ, ಹುಡುಗರ ನಡುವೆಯೇ ಬದುಕಿದರು. ಯಾವ ಹುಡುಗ ಬೇಕಾದರೂ ಹೋಗಿ ಮಾತಾಡಿಸಬಹುದಾದಷ್ಟು ಹತ್ತಿರದಲ್ಲಿದ್ದರು. ಮೆಂಟರ್ ಕೆಲಸದಲ್ಲಿ ಮುಖ್ಯವಾದದ್ದೂ ಅದೇ, ಹುಡುಗರಿಗೆ ಕೈಗೆ ಸಿಗೋ ಹಾಗಿರೋದು.

ಈಗ ಯಾರಿಗೆ ಹೆಚ್ಚು ಬೇಕು

ಮೊದಲನೆಯವರು ಬಾಲಮಂದಿರ ಮತ್ತು ಮಕ್ಕಳ ಪಾಲನಾ ಸಂಸ್ಥೆಗಳಲ್ಲಿ ಬೆಳೆದವರು. 18 ತುಂಬಿದರೆ ಅಲ್ಲಿಂದ ಹೊರಡಬೇಕು. 2015ರ ಬಾಲನ್ಯಾಯ ಕಾಯ್ದೆಯಲ್ಲಿ ಇವರಿಗೆ ‘ಅನುಪಾಲನೆ’, ಅಂದ್ರೆ ಆಫ್ಟರ್‌ಕೇರ್, ಅಂತ 21 ವರ್ಷದವರೆಗೆ ನೆರವು ಕೊಡಲು ಅವಕಾಶವಿದೆ. ವಿಶೇಷ ಸಂದರ್ಭದಲ್ಲಿ ಅದನ್ನು 23ರವರೆಗೂ ವಿಸ್ತರಿಸಬಹುದು. ಕೇಂದ್ರದ ಮಿಷನ್ ವಾತ್ಸಲ್ಯ ಯೋಜನೆಯಲ್ಲಿ ಇಂಥವರಿಗೆ ತಿಂಗಳಿಗೆ 4,000 ರೂಪಾಯಿ ಸಹಾಯಧನವೂ ಇದೆ. ಆದರೆ ರಾತ್ರಿ ಜ್ವರ ಬಂದರೆ ಯಾರಿಗೆ ಫೋನ್ ಮಾಡೋದು, ಬಾಡಿಗೆ ಮನೆಗೆ ಯಾರನ್ನು ಜೊತೆಗೆ ಕರೆದುಕೊಂಡು ಹೋಗೋದು ಅನ್ನೋದಕ್ಕೆ ಯಾವ ಯೋಜನೆಯಲ್ಲೂ ಉತ್ತರ ಇಲ್ಲ.

ಎರಡನೆಯವರು ಮನೆಯಲ್ಲಿ ಮೊದಲ ಸಲ ಕಾಲೇಜು ಮೆಟ್ಟಿಲು ಹತ್ತಿದವರು. ಓದಿನಲ್ಲಿ ಚುರುಕಿದ್ದರೂ ಮುಂದೇನು ಅಂತ ಕೇಳೋಕೆ ಮನೆಯಲ್ಲಿ ಓದಿದವರಿಲ್ಲ. ಮೂರನೆಯವರು ಓದು ಬಿಟ್ಟು ಅಂಗಡಿ, ಹೋಟೆಲ್, ಡೆಲಿವರಿ ಕೆಲಸಕ್ಕೆ ಸೇರಿದವರು. ದಿನಾ ಕಣ್ಣೆದುರೇ ಇರ್ತಾರೆ, ಆದರೆ ‘ಮುಂದೆ ಏನ್ ಮಾಡ್ತೀಯಾ’ ಅಂತ ಕೇಳೋರು ಇರಲ್ಲ.

ಬೆಂಗಳೂರಿನಲ್ಲಿ ಈ ಕೆಲಸ ಮಾಡುವ ಸಂಸ್ಥೆಗಳಿವೆ. ಬೆಂಗಳೂರು ಓಣಿಯವರ ಸೇವಾ ಕೂಟ, ಅಂದರೆ ಬೋಸ್ಕೊ, 1980ರಿಂದ ಬೀದಿ ಮಕ್ಕಳು ಮತ್ತು ಮನೆ ಬಿಟ್ಟು ಬಂದ ಮಕ್ಕಳ ನಡುವೆ ಕೆಲಸ ಮಾಡುತ್ತಿದೆ. 1999ರಲ್ಲಿ ಶುರುವಾದ ಡ್ರೀಮ್ ಎ ಡ್ರೀಮ್ ಮಕ್ಕಳಿಗೆ, ಯುವಕರಿಗೆ ಜೀವನ ಕೌಶಲ ಕಲಿಸುತ್ತದೆ. 2009ರಲ್ಲಿ ಇಲ್ಲೇ ಹುಟ್ಟಿದ ಮೆಂಟರ್ ಟುಗೆದರ್, ಬಡ ಕುಟುಂಬದ ಯುವಕ ಯುವತಿಯರಿಗೆ ಒಬ್ಬರಿಗೊಬ್ಬರಂತೆ ಮೆಂಟರ್‌ಗಳನ್ನು ಜೋಡಿಸುತ್ತದೆ. ಸ್ವಯಂಸೇವಕರಿಗೆ ಈಗ ಯಾವ ಕೆಲಸ ಖಾಲಿ ಇದೆ, ಕನ್ನಡ ಮಾತಾಡುವವರು ಬೇಕಾ ಅಂತ ನೇರವಾಗಿ ವಿಚಾರಿಸಿ. ಹಳ್ಳಿ ಕಡೆಯಿಂದ ಬಂದ ಹುಡುಗರಿಗೆ ಕನ್ನಡದಲ್ಲೇ ಮಾತಾಡುವ ಮೆಂಟರ್ ಸಿಕ್ಕರೆ ಅರ್ಧ ಸಂಕೋಚ ಅಲ್ಲೇ ಹೋಗುತ್ತದೆ.

ನಿಜವಾಗ್ಲೂ ಉಪಯೋಗ ಆಗುತ್ತಾ?

ಇದನ್ನು ಲೆಕ್ಕ ಹಾಕಿ ನೋಡಿದವರು ಅಮೆರಿಕದಲ್ಲಿದ್ದಾರೆ. ಅಲ್ಲಿನ ‘ಬಿಗ್ ಬ್ರದರ್ಸ್ ಬಿಗ್ ಸಿಸ್ಟರ್ಸ್’ ಸಂಸ್ಥೆ ದೊಡ್ಡವರನ್ನೂ ಮಕ್ಕಳನ್ನೂ ಹೀಗೇ ಜೋಡಿ ಮಾಡುತ್ತದೆ. 10ರಿಂದ 16 ವರ್ಷದ 959 ಮಕ್ಕಳ ಮೇಲೆ ನಡೆದ ಅಧ್ಯಯನದ ವರದಿ 1995ರಲ್ಲಿ ಬಂತು. ಕೆಲವರಿಗೆ ಮೆಂಟರ್ ಕೊಟ್ಟರು, ಉಳಿದವರನ್ನು ಕಾಯುವ ಪಟ್ಟಿಯಲ್ಲಿಟ್ಟರು. ಒಂದೂವರೆ ವರ್ಷದ ನಂತರ ನೋಡಿದಾಗ, ಮೆಂಟರ್ ಇದ್ದ ಮಕ್ಕಳು ಮಾದಕ ವಸ್ತು ಶುರು ಮಾಡುವ ಸಂಭವ ಉಳಿದವರಿಗಿಂತ ಶೇ 46ರಷ್ಟು ಕಡಿಮೆ ಇತ್ತು. ಶಾಲೆಗೆ ಚಕ್ಕರ್ ಹಾಕಿದ ದಿನಗಳು ಸುಮಾರು ಅರ್ಧಕ್ಕೆ ಇಳಿದಿದ್ದವು. ಮಾರ್ಕ್ಸ್‌ನಲ್ಲಿ ಮಾತ್ರ ದೊಡ್ಡ ಬದಲಾವಣೆ ಇರಲಿಲ್ಲ.

ಅದೇ ಮಕ್ಕಳ ಮಾಹಿತಿಯನ್ನು ಸಂಶೋಧಕರಾದ ಜೀನ್ ಗ್ರಾಸ್‌ಮನ್ ಮತ್ತು ಜೀನ್ ರೋಡ್ಸ್ 2002ರಲ್ಲಿ ಇನ್ನೊಂದು ರೀತಿಯಲ್ಲಿ ನೋಡಿದರು. ಯಾರ ಜೋಡಿ ಎಷ್ಟು ದಿನ ಬಾಳಿತು ಅಂತ. ಒಂದು ವರ್ಷ ಅಥವಾ ಅದಕ್ಕಿಂತ ಹೆಚ್ಚು ಕಾಲ ಮುಂದುವರಿದ ಕಡೆ ಲಾಭ ಎಲ್ಲಕ್ಕಿಂತ ಹೆಚ್ಚು. ಮೂರು ತಿಂಗಳೊಳಗೆ ಮುರಿದುಬಿದ್ದ ಕಡೆ ಮಕ್ಕಳಿಗೆ ತಮ್ಮ ಬಗ್ಗೆ ತಮಗೇ ಇದ್ದ ನಂಬಿಕೆ ಮೊದಲಿಗಿಂತ ಕುಸಿದಿತ್ತು.

ಕಾರಣ ಊಹಿಸೋದು ಕಷ್ಟ ಅಲ್ಲ. ಈಗಾಗಲೇ ಒಬ್ಬರೋ ಇಬ್ಬರೋ ದೊಡ್ಡವರು ಬಿಟ್ಟುಹೋದ ಹುಡುಗನಿಗೆ ನೀವೂ ಬಿಟ್ಟುಹೋದ್ರೆ ‘ತಪ್ಪು ನನ್ನಲ್ಲೇ ಇದೆ’ ಅಂತ ಅನಿಸುತ್ತೆ. ಆದ್ದರಿಂದ ದಸರಾ–ದೀಪಾವಳಿ ಸೀಸನ್‌ನಲ್ಲಿ ಅಂಗಡಿ ಬಿಡೋಕಾಗಲ್ಲ ಅಂತಿದ್ರೆ ಅದನ್ನು ಮೊದಲ ದಿನವೇ ಹೇಳಿ. ವಾರಕ್ಕೊಮ್ಮೆ ಆಗದಿದ್ರೆ ಹದಿನೈದು ದಿನಕ್ಕೊಮ್ಮೆ ಅಂತ ಒಪ್ಪಿಕೊಳ್ಳಿ. ಕಡಿಮೆ ಒಪ್ಪಿಕೊಂಡು ಅಷ್ಟನ್ನು ಪೂರ್ತಿ ಮಾಡೋದು ವಾಸಿ.

ಸೇರುವ ದಾರಿ

ಒಳ್ಳೆ ಸಂಸ್ಥೆ ಆದ್ರೆ ನಿಮ್ಮನ್ನು ಮೊದಲ ದಿನವೇ ಮಕ್ಕಳ ಹತ್ತಿರ ಬಿಡಲ್ಲ. ಅರ್ಜಿ, ಆಧಾರ್, ನಿಮ್ಮನ್ನು ಬಲ್ಲವರ ಹೆಸರು ಕೇಳುತ್ತಾರೆ. ಒಂದು ಮಾತುಕತೆ ಇರುತ್ತದೆ. ಪೊಲೀಸ್ ವೆರಿಫಿಕೇಶನ್ ಕೇಳಬಹುದು. ಆಮೇಲೆ ತರಬೇತಿ, ಮಕ್ಕಳ ರಕ್ಷಣೆ ನಿಯಮಕ್ಕೆ ಸಹಿ. ಬೇಜಾರು ಮಾಡ್ಕೋಬೇಡಿ, ಇದು ಮಕ್ಕಳ ಸುರಕ್ಷತೆಗೆ. ಏನೂ ವಿಚಾರಿಸದೆ ‘ನಾಳೆಯಿಂದ ಬನ್ನಿ’ ಅನ್ನೋ ಕಡೆ ಹೋಗದಿರೋದೇ ಒಳ್ಳೆಯದು.

ಜೋಡಿ ಮಾಡಿದ ಮೇಲೆ ಸಂಸ್ಥೆಯ ಸಿಬ್ಬಂದಿ ಒಬ್ಬರು ನಿಮ್ಮಿಬ್ಬರ ಸಂಪರ್ಕದಲ್ಲಿರಬೇಕು. ‘ಸಮಸ್ಯೆ ಆದ್ರೆ ಯಾರಿಗೆ ಫೋನ್ ಮಾಡಲಿ’ ಅಂತ ಸೇರುವಾಗಲೇ ಕೇಳಿ.

ಮೊದಲ ತಿಂಗಳು ಹೀಗಿರುತ್ತೆ

ಮೊದಲ ಎರಡು ಮೂರು ಭೇಟಿಯಲ್ಲಿ ಹುಡುಗ ಮಾತಾಡಲ್ಲ. ‘ಹೂಂ’, ‘ಗೊತ್ತಿಲ್ಲ ಸಾರ್’, ಅಷ್ಟೇ. ಒಂದು ವಾರ ಬರೋದೇ ಇಲ್ಲ, ಫೋನೂ ಎತ್ತಲ್ಲ. ನೀವು ಮುಂದಿನ ವಾರ ಬರ್ತೀರಾ ಅಂತ ಅವನು ನೋಡ್ತಿರಬಹುದು. ಹೋಗಿ. ಬೈಯಬೇಡಿ.

ಭಾಷಣ ಬೇಡ, ಕೆಲಸ ಇಟ್ಟುಕೊಳ್ಳಿ. ಎದುರುಬದುರು ಕೂತರೆ ಬಾಯಿ ಕಟ್ಟುತ್ತೆ, ಜೊತೆಯಲ್ಲಿ ನಡೆದರೆ ಮಾತು ಬರುತ್ತೆ. ಶೇಷಾದ್ರಿ ರಸ್ತೆಯ ಫ್ರೀಡಂ ಪಾರ್ಕ್‌ನಲ್ಲಿ ಒಂದು ಸುತ್ತು, ಹೋಟೆಲಲ್ಲಿ ಬೈಟು ಕಾಫಿ, ಒಟ್ಟಿಗೆ ಒಂದು ಅರ್ಜಿ ತುಂಬೋದು. ಆದರೆ ಎಲ್ಲಿ ಭೇಟಿ ಅನ್ನೋದು ಸಂಸ್ಥೆಗೆ ಗೊತ್ತಿರಬೇಕು.

ದುಡ್ಡು ಕೇಳೋ ದಿನವೂ ಬರುತ್ತೆ. ಸಾಲ ಕೊಟ್ಟ ಮರುದಿನದಿಂದ ಅವನು ನಿಮ್ಮನ್ನು ತಪ್ಪಿಸಿಕೊಂಡು ಓಡಾಡಬಹುದು. ಸಾಲಗಾರ ಅಂಗಡಿ ಮುಂದೆ ಹಾಯದ ಹಾಗೆ, ಅದು ವ್ಯಾಪಾರಿಗಳಿಗೆ ಹೇಳಬೇಕಿಲ್ಲ. ‘ನಾನು ದುಡ್ಡು ಕೊಡಲ್ಲಪ್ಪಾ, ಸಂಸ್ಥೆಯವರ ಹತ್ರ ಇಬ್ಬರೂ ಹೋಗಿ ಕೇಳೋಣ’ ಅನ್ನಿ.

ಕಾನೂನಿನ ಗೆರೆ

ಒಳ್ಳೆ ಮನಸ್ಸಿಂದ ಮಾಡಿದರೂ ಇವು ತಪ್ಪೇ ಆಗುತ್ತವೆ.

* 14 ವರ್ಷದೊಳಗಿನ ಮಗುವನ್ನು ‘ಕಲೀಲಿ ಪಾಪ’ ಅಂತ ಅಂಗಡಿ ಕೆಲಸಕ್ಕೆ ಇಟ್ಟುಕೊಳ್ಳುವಂತಿಲ್ಲ. 6 ತಿಂಗಳಿಂದ 2 ವರ್ಷ ಜೈಲು, ಅಥವಾ 20,000ದಿಂದ 50,000 ರೂಪಾಯಿ ದಂಡ, ಅಥವಾ ಎರಡೂ ಆಗಬಹುದು. 14ರಿಂದ 18ರವರನ್ನು ಅಪಾಯಕಾರಿ ಕೆಲಸಕ್ಕೆ ಹಾಕುವಂತಿಲ್ಲ.
* ಬಸ್ ಸ್ಟಾಂಡ್ ಹತ್ತಿರ ಒಂಟಿ ಮಗು ಸಿಕ್ಕರೆ ಮನೆಗೆ ಕರೆದುಕೊಂಡು ಹೋಗಿ ಇಟ್ಟುಕೊಳ್ಳಬೇಡಿ. 24 ಗಂಟೆಯೊಳಗೆ ಮಕ್ಕಳ ಸಹಾಯವಾಣಿ, ಪೊಲೀಸ್ ಅಥವಾ ಮಕ್ಕಳ ಕಲ್ಯಾಣ ಸಮಿತಿಗೆ ತಿಳಿಸಬೇಕು ಅನ್ನುತ್ತದೆ ಬಾಲನ್ಯಾಯ ಕಾಯ್ದೆ.
* ಲೈಂಗಿಕ ದೌರ್ಜನ್ಯ ಆಗಿದೆ ಅಂತ 18ರೊಳಗಿನ ಮಗು ಹೇಳಿದರೆ ‘ಯಾರಿಗೂ ಹೇಳಲ್ಲ’ ಅಂತ ಮಾತು ಕೊಡಬೇಡಿ. ಪೋಕ್ಸೊ ಕಾಯ್ದೆಯ ಪ್ರಕಾರ ತಿಳಿದವರು ಪೊಲೀಸರಿಗೆ ತಿಳಿಸಲೇಬೇಕು, ಮುಚ್ಚಿಟ್ಟರೆ ಶಿಕ್ಷೆ ಇದೆ.
* ಬಾಲಮಂದಿರದ ಮಗುವಿನ ಜೊತೆ ಸೆಲ್ಫಿ ತೆಗೆದು ವಾಟ್ಸ್‌ಆ್ಯಪ್ ಸ್ಟೇಟಸ್‌ಗೆ ಹಾಕಬೇಡಿ. ಗುರುತು ಬಹಿರಂಗ ಮಾಡಿದರೆ 6 ತಿಂಗಳವರೆಗೆ ಜೈಲು, 2 ಲಕ್ಷದವರೆಗೆ ದಂಡ ಆಗಬಹುದು.

ಇದರ ಜೊತೆ, ನಿಮ್ಮ ಅಂಗಡಿಯಲ್ಲೇ ಸಂಬಳಕ್ಕಿರೋ ಹುಡುಗನಿಗೆ ನೀವೇ ಮೆಂಟರ್ ಆಗೋದು ಬೇಡ. ಸಂಬಳ ಕೊಡುವವರ ಮುಂದೆ ‘ನನಗೆ ಬೇರೆ ಕಡೆ ಹೋಗಬೇಕು’ ಅಂತ ಯಾವ ಹುಡುಗನೂ ಬಾಯಿ ಬಿಡಲ್ಲ. ಅವನಿಗೆ ಪಕ್ಕದ ರಸ್ತೆಯ ಬೇರೊಬ್ಬರು ಸಿಗಲಿ, ನೀವು ಬೇರೆ ಹುಡುಗನಿಗೆ ಆಗಿ. ಕೆಲಸಕ್ಕಿರುವವನಿಗೆ ಪರೀಕ್ಷೆ ದಿನ ರಜೆ ಕೊಟ್ಟು, ಸಂಬಳ ಹಿಡಿಯದಿದ್ದರೆ ಅದೇ ದೊಡ್ಡ ಸಹಾಯ.

ಬಿಡಲೇಬೇಕಾದರೆ

ಊರು ಬಿಡಬೇಕಾಗಬಹುದು, ಆರೋಗ್ಯ ಕೆಡಬಹುದು. ಆಗ ಮಾಯ ಆಗಬೇಡಿ. ಒಂದು ತಿಂಗಳು ಮುಂಚೆ ಸಂಸ್ಥೆಗೂ ಹುಡುಗನಿಗೂ ಹೇಳಿ. ಯಾಕೆ ಬಿಡ್ತಿದ್ದೀರಿ ಅನ್ನೋದನ್ನು ನೇರವಾಗಿ, ‘ನಿನ್ನಿಂದ ಅಲ್ಲ’ ಅನ್ನೋದು ಅವನಿಗೆ ಅರ್ಥ ಆಗೋ ಹಾಗೆ ಹೇಳಿ. ಕೊನೆಯ ಭೇಟಿ ಅಂತ ಒಂದು ದಿನ ಇಟ್ಟುಕೊಳ್ಳಿ. ‘ಆಗಾಗ ಫೋನ್ ಮಾಡ್ತೀನಿ’ ಅನ್ನೋದಾದ್ರೆ ಮಾಡಿ, ಇಲ್ಲಾಂದ್ರೆ ಹೇಳಬೇಡಿ.

ಎಲ್ಲಿ ವಿಚಾರಿಸೋದು

ಸ್ವಯಂಸೇವಕರಾಗಲು ಮೇಲೆ ಹೇಳಿದ ಸಂಸ್ಥೆಗಳನ್ನು ನೇರವಾಗಿ ಸಂಪರ್ಕಿಸಿ. ಅನುಪಾಲನೆ, ಸಹಾಯಧನದ ಮಾಹಿತಿಗೆ ಮಹಿಳಾ ಮತ್ತು ಮಕ್ಕಳ ಅಭಿವೃದ್ಧಿ ಇಲಾಖೆಯ ಜಿಲ್ಲಾ ಮಕ್ಕಳ ರಕ್ಷಣಾ ಘಟಕ ಇದೆ. ಕಷ್ಟದಲ್ಲಿರುವ ಮಗು ಕಂಡರೆ ಹಗಲು ರಾತ್ರಿ ಯಾವಾಗ ಬೇಕಾದರೂ 1098ಕ್ಕೆ ಕರೆ ಮಾಡಿ, ಉಚಿತ. ತುರ್ತು ಇದ್ದರೆ 112. ಎರಡೂ ನಂಬರ್ ಗಲ್ಲಾ ಪಕ್ಕದ ಗೋಡೆಗೆ ಬರೆದು ಅಂಟಿಸಿಟ್ಟರೆ ಅಂಗಡಿ ಹುಡುಗರ ಕಣ್ಣಿಗೂ ಬೀಳುತ್ತೆ.