ಫ್ಲಾರಿಡಾ ರಾಜ್ಯದ ಮತಗಣನೆ: ೨೦೦೦ದ ಅಮೆರಿಕಾ ಅಧ್ಯಕ್ಷ ಚುನಾವಣೆಯ ಒಂದು ಪರಿಶೀಲನೆ

೨೦೦೦ದ ನವೆಂಬರ್ ೭ರಂದು ಅಮೆರಿಕಾ ಸಂಯುಕ್ತ ಸಂಸ್ಥಾನದಲ್ಲಿ ನಡೆದ ಅಧ್ಯಕ್ಷ ಚುನಾವಣೆಯ ಫಲಿತಾಂಶವು ಫ್ಲಾರಿಡಾ ಎಂಬ ಒಂದೇ ರಾಜ್ಯದ ಮತಗಣನೆಯನ್ನು ಅವಲಂಬಿಸಿ, ಐದು ವಾರಗಳಷ್ಟು ಕಾಲ ಅನಿಶ್ಚಿತವಾಗಿ ಉಳಿಯಿತು. ಆ ರಾಜ್ಯದಲ್ಲಿ ಸಿಂಧುವೆಂದು ಗಣಿಸಲ್ಪಟ್ಟ ೫೯,೬೩,೧೧೦ ಮತಗಳಲ್ಲಿ ರಿಪಬ್ಲಿಕನ್ ಪಕ್ಷದ ಜಾರ್ಜ್ ಡಬ್ಲ್ಯು. ಬುಷ್ ಅವರಿಗೆ ೨೯,೧೨,೭೯೦ ಮತಗಳೂ, ಡೆಮೊಕ್ರಾಟಿಕ್ ಪಕ್ಷದ ಆಲ್ ಗೋರ್ ಅವರಿಗೆ ೨೯,೧೨,೨೫೩ ಮತಗಳೂ ಬಂದುವೆಂದು ಕಡೆಗೆ ಅಧಿಕೃತವಾಗಿ ಘೋಷಿತವಾಯಿತು. ಅಂತರ ೫೩೭. ಈ ಸಂಖ್ಯೆಯನ್ನು ಚುನಾವಣೆಗಳ ಕೋಷ್ಟಕದಲ್ಲಿ ಓದುವ ವಿದ್ಯಾರ್ಥಿಗೆ ಅದು ಎಣಿಸಿ ತಿಳಿದ ಒಂದು ಸಂಗತಿಯಂತೆ ತೋರುವುದು ಸಹಜ. ಆದರೆ ಯಾವ ಅಂಕಿಯನ್ನು ಕಂಡರೂ ಅದು ಯಾವ ಆಧಾರದಿಂದ, ಯಾರ ಕೈಯಲ್ಲಿ, ಯಾವ ನಿಯಮಕ್ಕೆ ಒಳಪಟ್ಟು ಸಿದ್ಧವಾಯಿತೆಂದು ಕೇಳುವುದು ಇತಿಹಾಸಾಧ್ಯಯನದ ಮೊದಲ ಪಾಠ. ಆ ಪ್ರಶ್ನೆಯನ್ನು ಈ ೫೩೭ಕ್ಕೂ ಅನ್ವಯಿಸಿ ನೋಡುವುದೇ ಪ್ರಸ್ತುತ ಲೇಖನದ ಉದ್ದೇಶ.

ಮೊದಲು ಚುನಾವಣೆಯ ಕ್ರಮವನ್ನು ಸಂಕ್ಷೇಪವಾಗಿ ತಿಳಿಯಬೇಕು. ಅಮೆರಿಕಾದಲ್ಲಿ ಅಧ್ಯಕ್ಷನನ್ನು ಪ್ರಜೆಗಳು ನೇರವಾಗಿ ಆರಿಸುವುದಿಲ್ಲ. ಪ್ರತಿಯೊಂದು ರಾಜ್ಯವೂ ತನಗೆ ನಿಗದಿಯಾದಷ್ಟು ನಿರ್ವಾಚಕರನ್ನು ಆರಿಸುತ್ತದೆ, ಅವರು ಅಧ್ಯಕ್ಷನಿಗೆ ಮತ ನೀಡುತ್ತಾರೆ. ನಿರ್ವಾಚಕರ ಒಟ್ಟು ಸಂಖ್ಯೆ ೫೩೮. ಗೆಲುವಿಗೆ ೨೭೦ ಬೇಕು. ಎರಡು ರಾಜ್ಯಗಳನ್ನುಳಿದು ಮಿಕ್ಕೆಡೆಗಳಲ್ಲೆಲ್ಲ, ಒಂದು ಮತದಿಂದ ಮುಂದಾದ ಅಭ್ಯರ್ಥಿಗೂ ಆ ರಾಜ್ಯದ ನಿರ್ವಾಚಕರೆಲ್ಲರೂ ಸಲ್ಲುತ್ತಾರೆ. ಫ್ಲಾರಿಡಾವನ್ನು ಬಿಟ್ಟು ನೋಡಿದರೆ ಆ ವರ್ಷ ಗೋರ್ ಅವರ ಪಾಲಿಗೆ ೨೬೭, ಬುಷ್ ಅವರ ಪಾಲಿಗೆ ೨೪೬ ನಿರ್ವಾಚಕರು ಬಂದಿದ್ದರು. ದೇಶದಾದ್ಯಂತ ಬಿದ್ದ ಮತಗಳಲ್ಲಿ ಗೋರ್ ಅವರು ಐದು ಲಕ್ಷಕ್ಕೂ ಮಿಗಿಲಾಗಿ ಮುಂದಿದ್ದರು. ಆದರೂ ಫ್ಲಾರಿಡಾದ ೨೫ ನಿರ್ವಾಚಕರು ಯಾರಿಗೆ ಸೇರುವರೋ ಅವರೇ ಅಧ್ಯಕ್ಷರಾಗಬೇಕಾದ ಸ್ಥಿತಿ ಒದಗಿತು.

ಭಾರತದಲ್ಲಿರುವಂತೆ ದೇಶಕ್ಕೆಲ್ಲ ಒಂದೇ ಚುನಾವಣಾ ಆಯೋಗವು ಮತದಾನವನ್ನು ನಡೆಸುವ ಪದ್ಧತಿ ಅಮೆರಿಕಾದಲ್ಲಿಲ್ಲ. ಫ್ಲಾರಿಡಾದಲ್ಲಿ ೬೭ ಕೌಂಟಿಗಳಿವೆ. ಮತಪತ್ರದ ರೂಪ, ಮತಯಂತ್ರ, ಎಣಿಕೆಯ ವ್ಯವಸ್ಥೆ ಇವೆಲ್ಲವೂ ಬಹುಮಟ್ಟಿಗೆ ಆಯಾ ಕೌಂಟಿಯ ಅಧಿಕಾರಿಗಳ ಹೊಣೆಯಾಗಿದ್ದುವು. ಜನನಿಬಿಡವಾದ ಹಲವು ಕೌಂಟಿಗಳಲ್ಲಿ ರಂಧ್ರ ಕೊರೆಯುವ ಕಾರ್ಡುಗಳು ಬಳಕೆಯಲ್ಲಿದ್ದುವು. ಮತದಾರನು ಮೊನೆಯುಳ್ಳ ಕಡ್ಡಿಯಿಂದ ಒತ್ತಿದಾಗ ಕಾರ್ಡಿನಿಂದ ಒಂದು ಸಣ್ಣ ಚೌಕದ ಚೂರು ಕಳಚಿ ಬೀಳಬೇಕು. ಆ ರಂಧ್ರದ ಮೂಲಕ ಹಾಯುವ ಬೆಳಕನ್ನು ಯಂತ್ರವು ಮತವೆಂದು ಎಣಿಸುತ್ತದೆ. ಚೂರು ಪೂರ್ತಿಯಾಗಿ ಕಳಚದೆ ಒಂದು ಮೂಲೆಯಲ್ಲಿ ಜೋತುಬಿದ್ದರೆ, ಅಥವಾ ಬರಿಯ ತಗ್ಗು ಮಾತ್ರ ಬಿದ್ದಿದ್ದರೆ, ಯಂತ್ರಕ್ಕೆ ಮತವು ಕಾಣದೆ ಹೋಗಬಹುದು. ರಾಜ್ಯದಲ್ಲಿ ಹೀಗೆ ಅಧ್ಯಕ್ಷ ಸ್ಥಾನಕ್ಕೆ ಗುರುತೇ ಕಾಣದೆ ಎಣಿಕೆಯಿಂದ ಹೊರಗುಳಿದ ಮತಪತ್ರಗಳು ಸುಮಾರು ೬೧,೦೦೦. ಒಂದಕ್ಕಿಂತ ಹೆಚ್ಚು ಹೆಸರುಗಳಿಗೆ ಗುರುತು ಬಿದ್ದು ತಿರಸ್ಕೃತವಾದುವು ಸುಮಾರು ೧,೧೪,೦೦೦. ಎಂದರೆ, ಲೆಕ್ಕಕ್ಕೆ ಬಾರದ ಮತಪತ್ರಗಳು ಗೆಲುವಿನ ಅಂತರದ ಮುನ್ನೂರು ಪಟ್ಟನ್ನು ಮೀರಿದ್ದುವು. ಅಳೆಯಬೇಕಾದ ವಸ್ತುವಿಗಿಂತ ಅಳತೆಗೋಲಿನ ದೋಷವೇ ದೊಡ್ಡದಾಗಿತ್ತು.

ಎಲ್ಲ ದೋಷವೂ ಯಂತ್ರದ್ದಲ್ಲ. ಪಾಮ್ ಬೀಚ್ ಕೌಂಟಿಯಲ್ಲಿ ಅಭ್ಯರ್ಥಿಗಳ ಹೆಸರುಗಳನ್ನು ಎದುರುಬದುರಾದ ಎರಡು ಪುಟಗಳಲ್ಲಿ ಮುದ್ರಿಸಿ, ರಂಧ್ರಗಳ ಸಾಲನ್ನು ನಡುವೆ ಇರಿಸಲಾಗಿತ್ತು. ಎಡಪುಟದಲ್ಲಿ ಬುಷ್ ಅವರ ಹೆಸರು ಮೊದಲನೆಯದು, ಗೋರ್ ಅವರದು ಎರಡನೆಯದು. ಆದರೆ ನಡುವಿನ ಸಾಲಿನ ಎರಡನೆಯ ರಂಧ್ರವು ಬಲಪುಟದಲ್ಲಿದ್ದ ರಿಫಾರ್ಮ್ ಪಕ್ಷದ ಪ್ಯಾಟ್ ಬ್ಯುಕ್ಯಾನನ್ ಅವರಿಗೆ ಸೇರಿದ್ದು, ಗೋರ್ ಅವರದು ಮೂರನೆಯದಾಗಿತ್ತು. ವಯಸ್ಸಾದ ಮತದಾರರಿಗೆ ಓದಲು ಅನುಕೂಲವಾಗಲೆಂದು ಅಕ್ಷರಗಳನ್ನು ದೊಡ್ಡದು ಮಾಡಿದುದರ ಪರಿಣಾಮವಿದು. ಡೆಮೊಕ್ರಾಟಿಕ್ ಪಕ್ಷದ ನೆಲೆಯಾದ ಆ ಕೌಂಟಿಯಲ್ಲಿ ಬ್ಯುಕ್ಯಾನನ್ ಅವರಿಗೆ ಸುಮಾರು ೩,೪೦೦ ಮತಗಳು ಬಂದುವು. ಎರಡು ರಂಧ್ರಗಳಾಗಿ ಅಸಿಂಧುವಾದ ಮತಪತ್ರಗಳು ೧೯,೦೦೦ವನ್ನು ಮೀರಿದುವು. ಈ ದೋಷಕ್ಕೆ ಮರುಎಣಿಕೆಯಲ್ಲಿ ಪರಿಹಾರವಿಲ್ಲವೆಂಬುದನ್ನು ಗಮನಿಸಬೇಕು. ತಪ್ಪಾಗಿ ಕೊರೆದ ರಂಧ್ರವನ್ನು ಎಷ್ಟು ಸಲ ಎಣಿಸಿದರೂ ಅದು ಕೊರೆದವನ ಉದ್ದೇಶವನ್ನು ಹೇಳಲಾರದು.

ಚುನಾವಣೆಯ ಮರುದಿನ ಬುಷ್ ಅವರು ೧,೭೮೪ ಮತಗಳಿಂದ ಮುಂದಿದ್ದರು. ಅಂತರವು ನೂರಕ್ಕೆ ಅರ್ಧದಷ್ಟಿದ್ದರೆ ಅಥವಾ ಅದಕ್ಕೂ ಕಡಮೆಯಿದ್ದರೆ ಯಂತ್ರದಿಂದ ಮರುಎಣಿಕೆ ನಡೆಯಬೇಕೆಂಬುದು ರಾಜ್ಯದ ಕಾನೂನು. ಅದರಂತೆ ನಡೆದು, ನವೆಂಬರ್ ೧೪ರ ವೇಳೆಗೆ ಅಂತರ ೩೦೦ಕ್ಕೆ ಇಳಿಯಿತು. ವಿದೇಶಗಳಿಂದ ಅಂಚೆಯ ಮೂಲಕ ಬಂದ ಮತಗಳು ಸೇರಿದಾಗ ೯೩೦ಕ್ಕೆ ಏರಿತು. ಗೋರ್ ಪಕ್ಷದವರು ನಾಲ್ಕು ಕೌಂಟಿಗಳಲ್ಲಿ ಕೈಯಿಂದ ಎಣಿಸಬೇಕೆಂದು ಕೇಳಿದ್ದರು. ರಾಜ್ಯದ ಸುಪ್ರೀಂ ಕೋರ್ಟು ಇದಕ್ಕಾಗಿ ನವೆಂಬರ್ ೨೬ರವರೆಗೆ ಅವಧಿಯನ್ನು ವಿಸ್ತರಿಸಿತು. ಮಯಾಮಿ-ಡೇಡ್ ಕೌಂಟಿಯು ಕಾಲ ಸಾಲದೆಂದು ಎಣಿಕೆಯನ್ನು ಕೈಬಿಟ್ಟಿತು. ಪಾಮ್ ಬೀಚಿನ ಎಣಿಕೆಯು ಗಡುವು ಮೀರಿ ಮುಗಿದುದರಿಂದ ಅದನ್ನು ಸ್ವೀಕರಿಸಲಿಲ್ಲ. ಆ ಸಂಜೆ ರಾಜ್ಯದ ಕಾರ್ಯದರ್ಶಿಗಳಾದ ಕ್ಯಾಥರೀನ್ ಹ್ಯಾರಿಸ್ ಅವರು ೫೩೭ರ ಅಂತರವನ್ನು ಪ್ರಮಾಣೀಕರಿಸಿದರು. ಅವರು ಫ್ಲಾರಿಡಾದಲ್ಲಿ ಬುಷ್ ಅವರ ಪ್ರಚಾರ ಸಮಿತಿಯ ಸಹಾಧ್ಯಕ್ಷರೂ ಆಗಿದ್ದರು. ರಾಜ್ಯದ ಗವರ್ನರ್ ಜೆಬ್ ಬುಷ್ ಅಭ್ಯರ್ಥಿಯ ತಮ್ಮ. ಎಣಿಸುವವರು ಸ್ಪರ್ಧಿಗಳಿಂದ ಬೇರೆಯಾಗಿರಬೇಕೆಂಬ ತತ್ತ್ವಕ್ಕೆ ಅಲ್ಲಿಯ ವ್ಯವಸ್ಥೆಯು ಅವಕಾಶವನ್ನೇ ಕಲ್ಪಿಸಿರಲಿಲ್ಲ.

ಅವಸರಕ್ಕೆ ಕಾರಣವಾದ ದಿನಾಂಕದ ಹಿಂದೆ ಒಂದು ಹಳೆಯ ಇತಿಹಾಸವಿದೆ. ೧೮೭೬ರ ಚುನಾವಣೆಯಲ್ಲಿ ಇದೇ ಫ್ಲಾರಿಡಾ, ಲೂಸಿಯಾನ ಮತ್ತು ದಕ್ಷಿಣ ಕೆರೊಲೈನಾಗಳಿಂದ ಪರಸ್ಪರ ವಿರುದ್ಧವಾದ ಫಲಿತಾಂಶಗಳು ಕಾಂಗ್ರೆಸ್ಸಿಗೆ ಬಂದಿದ್ದುವು. ಹದಿನೈದು ಜನರ ಆಯೋಗವೊಂದು ೮-೭ರ ಬಹುಮತದಿಂದ ಅವನ್ನೆಲ್ಲ ಹೇಯ್ಸ್ ಅವರ ಪರವಾಗಿ ತೀರ್ಮಾನಿಸಿ, ೧೮೫-೧೮೪ರ ಅಂತರದಲ್ಲಿ ಅವರನ್ನು ಅಧ್ಯಕ್ಷರನ್ನಾಗಿಸಿತು. ಅಂಥ ಸಂಕಟವು ಮರುಕಳಿಸಬಾರದೆಂದು ೧೮೮೭ರಲ್ಲಿ ಕಾನೂನೊಂದು ಬಂದಿತು: ನಿರ್ವಾಚಕರು ಸೇರುವುದಕ್ಕೆ ಆರು ದಿನ ಮೊದಲು ರಾಜ್ಯವು ತನ್ನ ವಿವಾದವನ್ನು ಬಗೆಹರಿಸಿಕೊಂಡರೆ ಕಾಂಗ್ರೆಸ್ಸು ಆ ನಿರ್ಣಯವನ್ನು ಒಪ್ಪತಕ್ಕದ್ದು. ೨೦೦೦ದಲ್ಲಿ ಆ ದಿನವು ಡಿಸೆಂಬರ್ ೧೨ ಆಗಿತ್ತು.

ಡಿಸೆಂಬರ್ ೮ರಂದು ರಾಜ್ಯದ ಸುಪ್ರೀಂ ಕೋರ್ಟು, ಗುರುತು ಕಾಣದೆ ಉಳಿದ ಮತಪತ್ರಗಳನ್ನು ರಾಜ್ಯದಾದ್ಯಂತ ಕೈಯಿಂದ ಪರೀಕ್ಷಿಸಬೇಕೆಂದು ೪-೩ರ ಬಹುಮತದಿಂದ ಆಜ್ಞೆ ಮಾಡಿತು. ಮರುದಿನವೇ ಒಕ್ಕೂಟದ ಸುಪ್ರೀಂ ಕೋರ್ಟು ೫-೪ರಿಂದ ಎಣಿಕೆಯನ್ನು ತಡೆಯಿತು. ಮತದಾರನ ಉದ್ದೇಶವು ಸ್ಪಷ್ಟವಾಗಿದ್ದರೆ ಮತವನ್ನು ಎಣಿಸಬೇಕೆಂದು ರಾಜ್ಯದ ನಿಯಮವು ಹೇಳುತ್ತಿತ್ತೇ ಹೊರತು, ತಗ್ಗಿನಿಂದ ಉದ್ದೇಶವು ತಿಳಿಯುವುದೋ ಜೋತುಬಿದ್ದ ಚೂರಿನಿಂದ ತಿಳಿಯುವುದೋ ಎಂಬುದನ್ನು ಹೇಳಿರಲಿಲ್ಲ. ಒಂದು ಕೌಂಟಿಯಲ್ಲಿ ಸಂದ ಗುರುತು ಇನ್ನೊಂದರಲ್ಲಿ ಸಲ್ಲದೆ ಹೋಗುತ್ತಿತ್ತು. ಇದರಿಂದ ನಾಗರಿಕರ ಸಮಾನತೆಗೆ ಭಂಗವೆಂದು ಡಿಸೆಂಬರ್ ೧೨ರ ತೀರ್ಪಿನಲ್ಲಿ ಏಳು ಮಂದಿ ನ್ಯಾಯಮೂರ್ತಿಗಳು ಆಕ್ಷೇಪಿಸಿದರು. ಆದರೆ ದೋಷವನ್ನು ತಿದ್ದಿ ಎಣಿಕೆಯನ್ನು ಮುಂದುವರಿಸಲು ಕಾಲವಿಲ್ಲವೆಂದವರು ಐವರು ಮಾತ್ರ. ಮರುದಿನ ಗೋರ್ ಅವರು ಸೋಲನ್ನು ಒಪ್ಪಿಕೊಂಡರು.

ಕಾಲವಿಲ್ಲವೆಂಬ ಮಾತು ಎಷ್ಟರಮಟ್ಟಿಗೆ ಅನಿವಾರ್ಯವಾಗಿತ್ತು? ಭಿನ್ನ ತೀರ್ಪಿತ್ತ ನ್ಯಾಯಮೂರ್ತಿ ಜಾನ್ ಪಾಲ್ ಸ್ಟೀವನ್ಸ್ ಅವರು ಈ ಸಂದರ್ಭದಲ್ಲಿ ೧೯೬೦ರ ಹವಾಯಿ ರಾಜ್ಯವನ್ನು ನೆನಪಿಗೆ ತಂದರು. ಅಲ್ಲಿ ಮೊದಲ ಎಣಿಕೆಯಂತೆ ನಿಕ್ಸನ್ ೧೪೧ ಮತಗಳಿಂದ ಗೆದ್ದಿದ್ದರು. ಮರುಎಣಿಕೆಯು ನಡೆಯುತ್ತಿರುವಾಗಲೇ ನಿರ್ವಾಚಕರು ಸೇರುವ ದಿನ ಬಂದು, ಎರಡೂ ಪಕ್ಷಗಳ ನಿರ್ವಾಚಕರು ಬೇರೆ ಬೇರೆಯಾಗಿ ಮತ ನೀಡಿದರು. ಕಡೆಗೆ ಕೆನೆಡಿ ೧೧೫ ಮತಗಳಿಂದ ಗೆದ್ದರೆಂದು ತಿಳಿದು, ೧೯೬೧ರ ಜನವರಿ ೪ರಂದು ಹೊಸ ಪ್ರಮಾಣಪತ್ರ ಹೊರಟಿತು. ಎರಡು ದಿನಗಳ ತರುವಾಯ ಕಾಂಗ್ರೆಸ್ಸಿನ ಸಭೆಯಲ್ಲಿ ಅಧ್ಯಕ್ಷತೆ ವಹಿಸಿದ್ದ ಉಪಾಧ್ಯಕ್ಷ ನಿಕ್ಸನ್ ಅವರೇ ಆ ಮೂರು ನಿರ್ವಾಚಕ ಮತಗಳನ್ನು ತಮ್ಮ ಎದುರಾಳಿಯ ಪಾಲಿಗೆ ಸೇರಿಸಿದರು. ಹವಾಯಿಯಲ್ಲಿ ದಿನಾಂಕವು ಎಣಿಕೆಗಾಗಿ ಕಾದಿತು. ಫ್ಲಾರಿಡಾದಲ್ಲಿ ಎಣಿಕೆಯು ದಿನಾಂಕಕ್ಕೆ ತಲೆಬಾಗಿತು. ಹವಾಯಿಯ ಮೂರು ಮತಗಳಿಂದ ದೇಶದ ಫಲಿತಾಂಶವು ಬದಲಾಗುವಂತಿರಲಿಲ್ಲವೆಂಬುದೂ ನಿಜ. ಔದಾರ್ಯವು ಸುಲಭವಾಗುವುದು ಪಣವು ಸಣ್ಣದಾಗಿದ್ದಾಗ.

ಷಿಕಾಗೋ ವಿಶ್ವವಿದ್ಯಾನಿಲಯದ ಜನಾಭಿಪ್ರಾಯ ಸಂಶೋಧನ ಕೇಂದ್ರವು ವೃತ್ತಪತ್ರಿಕೆಗಳ ಪರವಾಗಿ ತಿರಸ್ಕೃತವಾದ ೧,೭೫,೦೧೦ ಮತಪತ್ರಗಳನ್ನು ಪರೀಕ್ಷಿಸಿತು. ಅದರ ಫಲಿತಾಂಶವು ೨೦೦೧ರ ನವೆಂಬರಿನಲ್ಲಿ ಪ್ರಕಟವಾಯಿತು. ರಾಜ್ಯದ ಕೋರ್ಟು ವಿಧಿಸಿದ್ದ ಸೀಮಿತ ಮರುಎಣಿಕೆಯು ಪೂರ್ಣವಾಗಿದ್ದರೂ ಬುಷ್ ಅವರೇ ಕೆಲವು ನೂರು ಮತಗಳಿಂದ ಗೆಲ್ಲುತ್ತಿದ್ದರು. ಗೋರ್ ಅವರು ಕೇಳಿದ್ದಂತೆ ನಾಲ್ಕು ಕೌಂಟಿಗಳಲ್ಲಿ ಎಣಿಸಿದ್ದರೂ ಅಷ್ಟೆ. ಆದರೆ ಎರಡು ಬಗೆಯ ತಿರಸ್ಕೃತ ಪತ್ರಗಳನ್ನೂ ರಾಜ್ಯದಾದ್ಯಂತ ಪರಿಶೀಲಿಸಿದ್ದರೆ, ಯಾವ ಮಾನದಂಡವನ್ನು ಹಿಡಿದರೂ ಗೋರ್ ೬೦ರಿಂದ ೧೭೧ ಮತಗಳಷ್ಟು ಮುಂದಾಗುತ್ತಿದ್ದರು. ಆ ಬಗೆಯ ಎಣಿಕೆಯನ್ನು ಎರಡು ಪಕ್ಷಗಳೂ ಕೇಳಿರಲಿಲ್ಲ.

ಇವೆಲ್ಲವನ್ನೂ ಪರ್ಯಾಲೋಚಿಸಿದಾಗ, ಒಂದು ಚುನಾವಣೆಯಲ್ಲಿ ಮೂರು ಸಂಗತಿಗಳನ್ನು ಪ್ರತ್ಯೇಕಿಸಿ ನೋಡಬೇಕೆಂಬುದು ವ್ಯಕ್ತವಾಗುತ್ತದೆ: ಮತದಾರನು ಬಯಸಿದ್ದು, ಯಂತ್ರವು ಓದಿದ್ದು, ಕಾನೂನು ಅಂಗೀಕರಿಸಿದ್ದು. ಅಂತರವು ದೊಡ್ಡದಿದ್ದಾಗ ಈ ಮೂರೂ ಒಂದೇ ಉತ್ತರವನ್ನು ಕೊಡುವುದರಿಂದ ಅವುಗಳ ಭೇದವು ನಮಗೆ ತೋರುವುದಿಲ್ಲ. ಅಂತರವು ಕೂದಲೆಳೆಯಷ್ಟಾದಾಗ ಮೂರೂ ಬೇರೆಯಾಗುತ್ತವೆ. ೫೩೭ ಎಂಬುದು ಮೂರನೆಯ ವರ್ಗಕ್ಕೆ ಸೇರಿದ ಸಂಖ್ಯೆ. ಅದು ಅಸತ್ಯವೆಂದಲ್ಲ; ಅದು ಒಂದು ನಿರ್ಣಯ.

ನಿರ್ಣಯವಿಲ್ಲದೆ ರಾಜ್ಯಾಡಳಿತವು ಸಾಗದು. ಆದರೆ ಯಾರಿಗೆ ಲಾಭವೆಂದು ತಿಳಿದ ಮೇಲೆ ಮಾಡಿದ ನಿಯಮವನ್ನು ಸೋತವನು ನಂಬುವುದು ಕಷ್ಟ. ಆದುದರಿಂದ ನಿಯಮಗಳು ಮತದಾನಕ್ಕೆ ಮೊದಲೇ ಸಿದ್ಧವಾಗಿರಬೇಕು. ಫ್ಲಾರಿಡಾ ೨೦೦೧ರಲ್ಲಿ ರಂಧ್ರದ ಕಾರ್ಡುಗಳನ್ನು ನಿಷೇಧಿಸಿತು. ೨೦೦೨ರ ಒಕ್ಕೂಟದ ಕಾನೂನು ರಾಜ್ಯಗಳಿಗೆ ಹೊಸ ಯಂತ್ರಗಳಿಗಾಗಿ ಹಣವನ್ನೊದಗಿಸಿತು. ೨೦೨೦ರ ಚುನಾವಣೆಯ ಕಲಹದ ತರುವಾಯ, ೧೮೮೭ರ ಕಾನೂನನ್ನು ೨೦೨೨ರಲ್ಲಿ ತಿದ್ದಿ, ಉಪಾಧ್ಯಕ್ಷನ ಪಾತ್ರವು ಕೇವಲ ಔಪಚಾರಿಕವೆಂದು ಸ್ಪಷ್ಟಪಡಿಸಲಾಯಿತು. ಚುನಾವಣೆಗಳ ಇತಿಹಾಸವನ್ನು ಬೋಧಿಸುವವರು ಗೆದ್ದವರ ಪಟ್ಟಿಯೊಡನೆ ಎಣಿಕೆಯ ನಿಯಮಗಳನ್ನೂ ತರಗತಿಯಲ್ಲಿ ಪರಿಚಯಿಸುವುದು ಉಚಿತ. ಪ್ರಜೆಗಳ ತೀರ್ಪೆಂದು ನಾವು ಕರೆಯುವುದರಲ್ಲಿ ಪ್ರಜೆಗಳದು ಎಷ್ಟು, ವಿಧಾನದ್ದು ಎಷ್ಟು ಎಂಬುದನ್ನು ವಿವೇಚಿಸಬಲ್ಲ ವಿದ್ಯಾರ್ಥಿಯೇ ಆ ತೀರ್ಪಿನ ಬೆಲೆಯನ್ನೂ ಅರಿಯಬಲ್ಲನು.